ಆಡಳಿತ ಸಂಶೋಧನಾ ಪತ್ರಿಕೆಯ ಪ್ರಭಾವವನ್ನು ಅಳೆಯುವುದು ಹೇಗೆ?

ಪ್ರಶ್ನೆ: 1940ರಲ್ಲಿ ಆರಂಭವಾದ ಅಮೆರಿಕದ ‘ಪಬ್ಲಿಕ್ ಅಡ್ಮಿನಿಸ್ಟ್ರೇಷನ್ ರಿವ್ಯೂ’ ಪತ್ರಿಕೆಯ ಪ್ರಭಾವವನ್ನು ಇಂಪ್ಯಾಕ್ಟ್ ಫ್ಯಾಕ್ಟರ್ ಒಂದರಿಂದಲೇ ನಿರ್ಧರಿಸಬಹುದೇ? ತಿಳಿದವರು ದಯವಿಟ್ಟು ವಿವರಿಸಿ.

ಉತ್ತರ 1: ಅದೊಂದೇ ಸಾಲದು. ಹಿಂದಿನ ಎರಡು ವರ್ಷಗಳ ಬರಹಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು, ಆ ಅವಧಿಯ ಸಂಶೋಧನಾ ಮತ್ತು ಸಮೀಕ್ಷಾ ಲೇಖನಗಳ ಸಂಖ್ಯೆಯಿಂದ ಭಾಗಿಸಿದಾಗ ಸಿಗುವ ಸರಾಸರಿಯಷ್ಟೇ ಅದು. ನೀತಿನಿರ್ಧಾರ ಹಂತಹಂತವಾಗಿ ನಡೆಯುತ್ತದೆಂದು ವಾದಿಸಿ ಅಮೆರಿಕದ ರಾಜ್ಯಶಾಸ್ತ್ರಜ್ಞ ಚಾರ್ಲ್ಸ್ ಲಿಂಡ್‌ಬ್ಲಾಮ್ 1959ರಲ್ಲಿ ಇದೇ ಪತ್ರಿಕೆಯಲ್ಲಿ ಬರೆದ ಲೇಖನವನ್ನು ವಿದ್ವಾಂಸರು ಇಂದಿಗೂ ಉಲ್ಲೇಖಿಸುತ್ತಾರೆ. ಆದರೂ ಈ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇಲ್ಲ. ನನ್ನ ದೃಷ್ಟಿಯಲ್ಲಿ ಇದು ಗಂಭೀರ ಕೊರತೆ.

ಉತ್ತರ 2: ಒಪ್ಪುತ್ತೇನೆ. ಐದು ವರ್ಷಗಳ ಇಂಪ್ಯಾಕ್ಟ್ ಫ್ಯಾಕ್ಟರನ್ನೂ ಸ್ಕೋಪಸ್ ಎಂಬ ಉಲ್ಲೇಖ ದತ್ತಸಂಚಯದ ನಾಲ್ಕು ವರ್ಷಗಳ ಸರಾಸರಿಯಾದ ಸೈಟ್‌ಸ್ಕೋರನ್ನೂ ಜೊತೆಗಿಟ್ಟು ನೋಡಿ. ಪತ್ರಿಕೆಯು ತನ್ನನ್ನೇ ಉಲ್ಲೇಖಿಸಿಕೊಂಡ ಪ್ರಮಾಣವನ್ನೂ ಪರಿಶೀಲಿಸಿ.

ಉತ್ತರ 3: ಸರ್ಕಾರಿ ಸಮಿತಿಯ ವರದಿಯೊಂದು ಲೇಖನವನ್ನು ಆಧರಿಸಿ ಶಿಫಾರಸು ಮಾಡಿದರೂ ಈ ಸೂಚ್ಯಂಕಗಳು ಅದನ್ನು ಎಣಿಸುವುದಿಲ್ಲ. ಆಡಳಿತಶಾಸ್ತ್ರಕ್ಕೆ ಅದೇ ನಿಜವಾದ ಪ್ರಭಾವವಲ್ಲವೇ?