ಕಂಪ್ಯೂಟರ್ ಪರದೆಯ ಮೇಲೆ ವೈರಸ್ ಎಚ್ಚರಿಕೆ ಮತ್ತು ಫೋನ್ ನಂಬರ್ ಬಂದಿತ್ತು. ಈಗ ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ: ರೇಷ್ಮೆಗೂಡು (ಶಿಡ್ಲಘಟ್ಟ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ವಿಂಡೋಸ್ 10 ಇರುವ ಹಳೆಯ ಕಂಪ್ಯೂಟರ್ ಒಂದಿದೆ. ಅಪ್ಪ ಅದರಲ್ಲಿ ಗೂಡಿನ ವ್ಯಾಪಾರದ ಲೆಕ್ಕ ಬರೆದಿಡುತ್ತಾರೆ, ಜಮೀನಿನ ಪಹಣಿ ನೋಡುತ್ತಾರೆ, ಮಾರುಕಟ್ಟೆಯ ಹಣ ಖಾತೆಗೆ ಜಮೆಯಾಗಿದೆಯೇ ಎಂದು ಪರಿಶೀಲಿಸುತ್ತಾರೆ. ತಂಗಿಯ ಕಾಲೇಜಿನ ಕೆಲಸವೂ ಅದರಲ್ಲೇ ನಡೆಯುತ್ತದೆ, ರಜೆಗೆ ಬರುವ ಅಕ್ಕನ ಮಕ್ಕಳು ಆಟಗಳನ್ನು ಇಳಿಸಿಕೊಳ್ಳುವುದೂ ಅದರಲ್ಲೇ.

ಕಳೆದ ವಾರ ಅಪ್ಪ ಪಹಣಿಗಾಗಿ ಹುಡುಕುತ್ತಿದ್ದಾಗ ಪರದೆಯ ತುಂಬ ಕೆಂಪು ಎಚ್ಚರಿಕೆಯೊಂದು ತೆರೆದುಕೊಂಡು, ಸೈರನ್‌ನಂಥ ಶಬ್ದ ಶುರುವಾಯಿತು. ಕಂಪ್ಯೂಟರಿಗೆ ವೈರಸ್ ತಗುಲಿದೆ, ಆಫ್ ಮಾಡಬೇಡಿ, ಕೂಡಲೇ ಈ ನಂಬರಿಗೆ ಕರೆ ಮಾಡಿ ಎಂದು ಅದರಲ್ಲಿ ಬರೆದಿತ್ತು. ಅಪ್ಪ ಕರೆ ಮಾಡದೆ ಗೋಡೆಯ ಸ್ವಿಚ್ಚನ್ನೇ ಆರಿಸಿದರು. ಮರುದಿನ ಕಂಪ್ಯೂಟರ್ ಎಂದಿನಂತೆ ಕೆಲಸ ಮಾಡಿತಾದರೂ ಅವರಿಗೆ ಈಗ ಬ್ಯಾಂಕಿನ ಪುಟ ತೆರೆಯಲು ಧೈರ್ಯವಾಗುತ್ತಿಲ್ಲ; ಇನ್ನು ಮುಂದೆ ಪಾಸ್‌ಬುಕ್ ಹಾಕಿಸಿಕೊಂಡು ಬಂದೇ ನೋಡುತ್ತೇನೆ ಎನ್ನುತ್ತಿದ್ದಾರೆ.

ನಿಜವಾಗಿಯೂ ವೈರಸ್ ಹೊಕ್ಕಿದೆಯೇ? ವಿಂಡೋಸ್ 10ಕ್ಕೆ ಬೆಂಬಲ ಮುಗಿದಿದೆ ಎಂಬ ಸೂಚನೆಯೂ ಬರುತ್ತಿದೆ. ಪೇಟೆಯ ಅಂಗಡಿಯೊಂದರವರು ವಿಂಡೋಸ್ 11ನ್ನೂ ಆಂಟಿವೈರಸ್ಸನ್ನೂ ಲೈಸೆನ್ಸ್ ಇಲ್ಲದೆಯೇ ಕಡಿಮೆ ದುಡ್ಡಿಗೆ ಹಾಕಿಕೊಡುತ್ತೇವೆ ಎನ್ನುತ್ತಿದ್ದಾರೆ. ಹಾಕಿಸಬಹುದೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ: ಕಲ್ಪತರು (ತಿಪಟೂರು)

ನಿಮ್ಮ ತಂದೆಯವರು ಮಾಡಿದ್ದು ಸರಿಯಾದ ಕೆಲಸ, ಇದನ್ನು ಮೊದಲು ಅವರಿಗೆ ತಿಳಿಸಿ. ಅವರು ಕಂಡದ್ದು ಬಹುಮಟ್ಟಿಗೆ ವೈರಸ್ ಅಲ್ಲ, ಹೆದರಿಸುವುದಕ್ಕೆಂದೇ ಸಿದ್ಧಪಡಿಸಿದ ಒಂದು ವೆಬ್ ಪುಟ ಮಾತ್ರ. ಜಾಹೀರಾತಿನ ಮೇಲೆ ಕ್ಲಿಕ್ಕಾದಾಗ ಅಥವಾ ವಿಳಾಸದಲ್ಲಿ ಒಂದಕ್ಷರ ತಪ್ಪಿದಾಗ ಇಂಥ ಪುಟಗಳು ತೆರೆದುಕೊಳ್ಳುತ್ತವೆ. ಬ್ರೌಸರಿನ ಒಳಗಿರುವ ಪುಟವೊಂದಕ್ಕೆ ನಿಮ್ಮ ಕಂಪ್ಯೂಟರನ್ನು ತಪಾಸಣೆ ಮಾಡಿ ಇಷ್ಟು ವೈರಸ್ ಇವೆ ಎಂದು ಹೇಳುವ ಶಕ್ತಿಯೇ ಇರುವುದಿಲ್ಲ. ಮೈಕ್ರೋಸಾಫ್ಟ್ ತನ್ನ ಎಚ್ಚರಿಕೆಯ ಸಂದೇಶಗಳಲ್ಲಿ ಫೋನ್ ನಂಬರನ್ನು ಎಂದೂ ಕೊಡುವುದಿಲ್ಲ. ಆದ್ದರಿಂದ ನಂಬರ್ ಇರುವ ಎಚ್ಚರಿಕೆ ಯಾರದೇ ಹೆಸರಿನಲ್ಲಿರಲಿ, ಅದನ್ನು ಮೋಸವೆಂದೇ ತಿಳಿಯಿರಿ.

ಇನ್ನೊಮ್ಮೆ ಹಾಗಾದರೆ ಎಸ್ಕೇಪ್ ಕೀಲಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದು ಪುಟವನ್ನು ಪೂರ್ಣಪರದೆಯಿಂದ ಹೊರತಂದು, ಆಲ್ಟ್ ಮತ್ತು ಎಫ್4 ಕೀಲಿಗಳನ್ನು ಒಟ್ಟಿಗೆ ಒತ್ತಿ ಮುಚ್ಚಿರಿ. ಅದಕ್ಕೂ ಬಗ್ಗದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರಿನಲ್ಲಿ ಬ್ರೌಸರನ್ನು ಕೊನೆಗೊಳಿಸಿ. ಮತ್ತೆ ತೆರೆದಾಗ ಹಿಂದಿನ ಪುಟಗಳನ್ನು ಮರಳಿ ತರಲೇ ಎಂದು ಬ್ರೌಸರ್ ಕೇಳಿದರೆ ಬೇಡ ಎನ್ನಿ.

ಸಮಾಧಾನಕ್ಕಾಗಿ ಈಗ ಮೂರು ಕಡೆ ಕಣ್ಣಾಡಿಸಿ. ಬ್ರೌಸರಿನ ಸೆಟ್ಟಿಂಗ್ಸ್‌ನಲ್ಲಿ ಯಾವ ಯಾವ ತಾಣಗಳಿಗೆ ನೋಟಿಫಿಕೇಶನ್ ಅನುಮತಿ ಹೋಗಿದೆ ಎಂದು ನೋಡಿ, ಗುರುತಿಲ್ಲದವುಗಳನ್ನು ತೆಗೆದುಹಾಕಿ. ಮೂಲೆಯಲ್ಲಿ ಮತ್ತೆ ಮತ್ತೆ ಪುಟಿದೇಳುವ ಸುಳ್ಳು ವೈರಸ್ ಸೂಚನೆಗಳಲ್ಲಿ ಹೆಚ್ಚಿನವು ಈ ದಾರಿಯಿಂದಲೇ ಬರುತ್ತವೆ. ಎಕ್ಸ್‌ಟೆನ್ಶನ್‌ಗಳನ್ನೂ (ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶಗಳು), ಆ ದಿನದ ಆಸುಪಾಸಿನಲ್ಲಿ ಇನ್‌ಸ್ಟಾಲ್ ಆದ ಪ್ರೋಗ್ರಾಮ್‌ಗಳನ್ನೂ ಪರಿಶೀಲಿಸಿ. ಕೊನೆಗೆ ವಿಂಡೋಸ್ ಸೆಕ್ಯುರಿಟಿಯಲ್ಲಿರುವ ಆಫ್‌ಲೈನ್ ಸ್ಕ್ಯಾನ್ ನಡೆಸಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ ಸುಮಾರು 15 ನಿಮಿಷ ತೆಗೆದುಕೊಳ್ಳುತ್ತದೆ. ವಿಂಡೋಸಿನ ಜೊತೆಗೇ ಬರುವ ಡಿಫೆಂಡರ್ ಮನೆಯ ಬಳಕೆಗೆ ಸಾಕು. ದುಡ್ಡು ಕೊಟ್ಟು ಬೇರೆ ಆಂಟಿವೈರಸ್ ಹಾಕಿಸುವ ಅಗತ್ಯ ನನಗೆ ಕಾಣುವುದಿಲ್ಲ.

ಅಂಗಡಿಯವರ ಮಾತಿಗೆ ಮಾತ್ರ ಖಂಡಿತ ಒಪ್ಪಬೇಡಿ. ಲೈಸೆನ್ಸ್ ಇಲ್ಲದ ವಿಂಡೋಸನ್ನು ಅಸಲಿಯೆಂದು ತೋರಿಸಲು ಆಕ್ಟಿವೇಟರ್ ಎಂಬ ಪ್ರೋಗ್ರಾಮ್ ಓಡಿಸಬೇಕಾಗುತ್ತದೆ, ಅದನ್ನು ಓಡಿಸುವ ಮೊದಲು ಡಿಫೆಂಡರನ್ನು ಆರಿಸುವಂತೆ ಅವರೇ ಹೇಳುತ್ತಾರೆ. ಯಾರು ಬರೆದದ್ದೋ ಗೊತ್ತಿಲ್ಲದ ಪ್ರೋಗ್ರಾಮಿಗೆ ಕಂಪ್ಯೂಟರಿನ ಪೂರ್ಣ ಅಧಿಕಾರ ಕೊಟ್ಟು, ಕಾವಲನ್ನೂ ತೆಗೆದುಹಾಕಿದ ಮೇಲೆ, ಅದೇ ಯಂತ್ರದಲ್ಲಿ ಬ್ಯಾಂಕಿನ ಪಾಸ್‌ವರ್ಡ್ ಒತ್ತುವುದು ಹೇಗೆ ಸಾಧ್ಯ? ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಸದ್ದಿಲ್ಲದೆ ಹೊತ್ತೊಯ್ಯುವ ತಂತ್ರಾಂಶಗಳು ಮನೆಯೊಳಗೆ ಬರುವ ದಾರಿಗಳಲ್ಲಿ ಇದೂ ಒಂದು. ಮಕ್ಕಳು ಇಳಿಸಿಕೊಳ್ಳುವ 'ಕ್ರ್ಯಾಕ್' ಮಾಡಿದ, ಅಂದರೆ ಲೈಸೆನ್ಸ್ ಮುರಿದ ಆಟಗಳ ಕತೆಯೂ ಇದೇ.

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಂಪ್ಯೂಟರ್ ನಿಂತುಹೋಗುವುದಿಲ್ಲ, ಹೊಸದಾಗಿ ಪತ್ತೆಯಾಗುವ ದೋಷಗಳಿಗೆ ತೇಪೆ ಬರುವುದಿಲ್ಲ ಅಷ್ಟೆ. ಆ 'ಅಷ್ಟೆ' ಎಷ್ಟು ದುಬಾರಿಯಾಗಬಲ್ಲದು ಎಂಬುದಕ್ಕೆ 2017ರ ಮೇ ತಿಂಗಳಲ್ಲಿ ಹರಡಿದ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ವನ್ನಾಕ್ರೈ ಎಂಬ ತಂತ್ರಾಂಶವೇ ಸಾಕ್ಷಿ: ಅದು ಬಳಸಿದ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚ್ ತಿಂಗಳಲ್ಲೇ ಅಪ್‌ಡೇಟ್ ಕೊಟ್ಟಿತ್ತು, ಆದರೂ ಅದನ್ನು ಹಾಕಿಕೊಳ್ಳದಿದ್ದ ಕಂಪ್ಯೂಟರುಗಳಿಂದಾಗಿ ಬ್ರಿಟನ್ನಿನ ಆಸ್ಪತ್ರೆಗಳ ಕೆಲಸವೇ ಕೆಟ್ಟಿತು. ಮನೆ ಬಳಕೆದಾರರಿಗಾಗಿ 2026ರ ಅಕ್ಟೋಬರ್ 13ರವರೆಗಿನ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಯೋಜನೆಯೊಂದನ್ನು ಮೈಕ್ರೋಸಾಫ್ಟ್ ಪ್ರಕಟಿಸಿದೆ. ಸೆಟ್ಟಿಂಗ್ಸ್‌ನ ವಿಂಡೋಸ್ ಅಪ್‌ಡೇಟ್ ಪುಟದಲ್ಲಿ ಅದಕ್ಕೆ ನೋಂದಾಯಿಸುವ ಕೊಂಡಿ ಕಾಣುತ್ತಿದೆಯೇ ನೋಡಿ. ಅದು ತಾತ್ಕಾಲಿಕ ವ್ಯವಸ್ಥೆ ಎಂಬುದು ನೆನಪಿರಲಿ.

ಇವೆಲ್ಲಕ್ಕಿಂತ ಹೆಚ್ಚು ಉಪಯೋಗವಾಗುವ ಕೆಲಸ ಇನ್ನೊಂದಿದೆ. ಈಗ ನಿಮ್ಮ ಮನೆಯ ಎಲ್ಲರೂ ಒಂದೇ ಲಾಗಿನ್‌ನಲ್ಲಿ, ಅದೂ ಅಡ್ಮಿನಿಸ್ಟ್ರೇಟರ್ ಅಧಿಕಾರವಿರುವ ಲಾಗಿನ್‌ನಲ್ಲಿ ಕೆಲಸ ಮಾಡುತ್ತಿರಬಹುದು. ಅಪ್ಪನಿಗೊಂದು, ತಂಗಿಗೊಂದು, ಮಕ್ಕಳಿಗೊಂದು ಸ್ಟ್ಯಾಂಡರ್ಡ್ ಬಳಕೆದಾರ ಖಾತೆಯನ್ನು ಮಾಡಿಕೊಟ್ಟು, ಅಡ್ಮಿನ್ ಖಾತೆಯ ಪಾಸ್‌ವರ್ಡನ್ನು ನೀವು ಒಬ್ಬರೇ ಇಟ್ಟುಕೊಳ್ಳಿ. ಮಕ್ಕಳು ಯಾವುದೋ ಆಟದ ಕಡತವನ್ನು ಒತ್ತಿದರೂ, ವ್ಯವಸ್ಥೆಯನ್ನು ಬದಲಿಸುವ ಮೊದಲು ವಿಂಡೋಸ್ ನಿಮ್ಮ ಪಾಸ್‌ವರ್ಡ್ ಕೇಳುತ್ತದೆ. ಅಪ್ಪನ ಬ್ರೌಸರಿನಲ್ಲಿ ಉಳಿದಿರುವ ಬ್ಯಾಂಕಿನ ವಿವರಗಳು ಮಕ್ಕಳ ಖಾತೆಯ ಕೈಗೆ ಸುಲಭವಾಗಿ ಸಿಗುವುದೂ ಇಲ್ಲ.

ಪಹಣಿಗಾಗಿ ಪ್ರತಿ ಸಲವೂ ಗೂಗಲ್‌ನಲ್ಲಿ ಹುಡುಕುವ ಅಭ್ಯಾಸವನ್ನು ಬಿಡಿಸಿ. ಪಹಣಿಯ ಭೂಮಿ, ಆಸ್ತಿ ನೋಂದಣಿಯ ಕಾವೇರಿ ಮುಂತಾದ ಸರ್ಕಾರಿ ತಾಣಗಳ ವಿಳಾಸ ಕರ್ನಾಟಕ ಡಾಟ್ ಜಿಒವಿ ಡಾಟ್ ಇನ್ ಎಂದೇ ಮುಗಿಯುತ್ತದೆ. ಮುಗಿಯಬೇಕು ಎಂಬುದೇ ಇಲ್ಲಿ ಮುಖ್ಯ: ಆರಂಭದ https:// ಅನ್ನು ಬಿಟ್ಟು, ಅದರ ನಂತರ ಬರುವ ಮೊದಲ ಓರೆಗೆರೆಯ ಎಡಕ್ಕೆ ತಾಗಿಕೊಂಡಿರುವ ಭಾಗವನ್ನು ನೋಡಿ, ಅದಕ್ಕಿಂತ ಹಿಂದೆ ಕರ್ನಾಟಕ ಎಂದಾಗಲಿ ಭೂಮಿ ಎಂದಾಗಲಿ ಯಾರು ಬೇಕಾದರೂ ಸೇರಿಸಿಕೊಳ್ಳಬಹುದು. ವಿಳಾಸದ ಪಕ್ಕದ ಬೀಗದ ಚಿಹ್ನೆಯನ್ನು ನಂಬಿ ಕೂರಬೇಡಿ; ನಿಮ್ಮ ಮತ್ತು ಆ ತಾಣದ ನಡುವಿನ ಸಂಪರ್ಕ ಗುಪ್ತವಾಗಿದೆ ಎಂದಷ್ಟೇ ಅದರ ಅರ್ಥ, ಮೋಸದ ತಾಣಕ್ಕೂ ಅದು ಸಿಗುತ್ತದೆ. ಸರಿಯಾದ ಪುಟವನ್ನು ನೀವೇ ಒಮ್ಮೆ ತೆರೆದು ಬುಕ್‌ಮಾರ್ಕ್ ಮಾಡಿಕೊಟ್ಟರೆ ಅಪ್ಪ ಹುಡುಕುವ ಪ್ರಮೇಯವೇ ಬರುವುದಿಲ್ಲ. ಕನ್ನಡ ಬರೆಯಲು ಬಳಸುವ ನುಡಿ ತಂತ್ರಾಂಶವನ್ನೂ ಸಿಕ್ಕಸಿಕ್ಕ ಡೌನ್‌ಲೋಡ್ ತಾಣಗಳಿಂದ ಇಳಿಸದೆ, ಅದನ್ನು ರೂಪಿಸಿದ ಕನ್ನಡ ಗಣಕ ಪರಿಷತ್ತಿನ ತಾಣದಿಂದಲೇ ತೆಗೆದುಕೊಳ್ಳಿ.

ಉತ್ತರ: ಅಂತರಗಂಗೆ (ಕೋಲಾರ)

ನಾನು ಬ್ಯಾಂಕಿನ ಶಾಖೆಯೊಂದರಲ್ಲಿ ಕೆಲಸ ಮಾಡುವವಳು. ಯಂತ್ರದ ವಿಷಯವನ್ನು ಕಲ್ಪತರು ಅವರು ಚೆನ್ನಾಗಿ ಹೇಳಿದ್ದಾರೆ, ಹಣದ ವಿಷಯವನ್ನು ನಾನು ಸೇರಿಸುತ್ತೇನೆ.

ಆ ನಂಬರಿಗೆ ಕರೆ ಮಾಡಿದ್ದರೆ ಏನಾಗುತ್ತಿತ್ತು ಎಂಬುದನ್ನು ಮನೆಯ ಎಲ್ಲರಿಗೂ ವಿವರಿಸಿ ಹೇಳಿ. ಅತ್ತ ಕಡೆಯವರು ಬಹಳ ವಿನಯದಿಂದ ಮಾತನಾಡುತ್ತಾ ಎನಿಡೆಸ್ಕ್ ಅಥವಾ ಟೀಮ್‌ವ್ಯೂವರ್‌ನಂಥ ತಂತ್ರಾಂಶವನ್ನು ಇಳಿಸಲು ಹೇಳುತ್ತಾರೆ. ಅವು ಕಳ್ಳ ತಂತ್ರಾಂಶಗಳಲ್ಲ, ಆಫೀಸುಗಳಲ್ಲಿ ದಿನವೂ ಬಳಕೆಯಾಗುವಂಥವು. ಆದ್ದರಿಂದ ಆಂಟಿವೈರಸ್ ಅವುಗಳನ್ನು ತಡೆಯದಿರಬಹುದು. ಪರದೆಯ ಮೇಲೆ ಕಾಣುವ ಸಂಖ್ಯೆಯನ್ನು ನೀವು ಓದಿ ಹೇಳಿದ ಗಳಿಗೆಯಿಂದ ನಿಮ್ಮ ಕಂಪ್ಯೂಟರ್ ಅವರ ಕೈಯಲ್ಲಿರುತ್ತದೆ. ಅನಂತರ ಹಣ ವಾಪಸ್ ಕೊಡುತ್ತೇವೆ ಎಂಬ ನೆಪದಲ್ಲಿ ಬ್ಯಾಂಕಿನ ಪುಟ ತೆರೆಸುತ್ತಾರೆ. ಹಣ ಪಡೆಯಲು ಯುಪಿಐ ಪಿನ್ ಆಗಲಿ ಒಟಿಪಿ ಆಗಲಿ ಎಂದೂ ಬೇಕಾಗುವುದಿಲ್ಲ ಎಂಬ ಒಂದು ಸಂಗತಿ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತಿದ್ದರೆ ಅಲ್ಲಿಗಾದರೂ ನಿಲ್ಲಬಹುದು.

ಬ್ಯಾಂಕುಗಳ ವಿಳಾಸ ಬ್ಯಾಂಕ್ ಡಾಟ್ ಇನ್ ಎಂದು ಮುಗಿಯಬೇಕೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ಆದೇಶಿಸಿದೆ. ನಿಮ್ಮ ತಂದೆಯವರ ಬುಕ್‌ಮಾರ್ಕಿನಲ್ಲಿ ಹಳೆಯ ವಿಳಾಸವಿದ್ದರೆ ಹೊಸದಕ್ಕೆ ಬದಲಿಸಿ.

ಹಣ ಹೋದದ್ದೇ ಆದರೆ, ನಾಳೆ ಬೆಳಿಗ್ಗೆ ಶಾಖೆಗೆ ಹೋಗೋಣ ಎಂದು ಕಾಯಬಾರದು. ಕೂಡಲೇ 1930ಕ್ಕೆ ಕರೆ ಮಾಡಬೇಕು, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಬೇಕು, ಬ್ಯಾಂಕಿನ ಸಹಾಯವಾಣಿಗೂ ತಿಳಿಸಿ ದೂರಿನ ಸಂಖ್ಯೆ ಪಡೆಯಬೇಕು. ಕದ್ದ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಬೇಗ ಬೇಗ ದಾಟಿಹೋಗುತ್ತದೆ, ಅದು ಯಾವುದಾದರೂ ಖಾತೆಯಲ್ಲಿ ಇನ್ನೂ ನಿಂತಿರುವಾಗಲೇ ತಡೆಹಿಡಿಯಬೇಕು. ಜಿಲ್ಲಾ ಮಟ್ಟದಲ್ಲಿ ಇಂಥ ಪ್ರಕರಣಗಳಿಗೆಂದೇ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಪೊಲೀಸ್ ಠಾಣೆ ಇರುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ, ಗ್ರಾಹಕರ ತಪ್ಪೂ ಇಲ್ಲದೆ, ಬ್ಯಾಂಕಿನ ತಪ್ಪೂ ಇಲ್ಲದೆ ಮೂರನೆಯವರಿಂದ ಹಣ ಹೋಗಿದ್ದು, ಬ್ಯಾಂಕಿನ ಸೂಚನೆ ಕೈಸೇರಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಮೇಲೆ ಹೊಣೆ ಬರುವುದಿಲ್ಲ. ಒಟಿಪಿಯನ್ನು ತಾವೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಗ್ರಾಹಕರದೇ. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. ಆದ್ದರಿಂದ ತಪ್ಪು ಯಾರದೇ ಇರಲಿ, ಬೇಗ ತಿಳಿಸುವುದರಲ್ಲಿ ಲಾಭವೇ ಇದೆ.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಕೌಂಟರಿಗೆ ಬರುವ ಹಿರಿಯರಲ್ಲಿ ಎಷ್ಟೋ ಜನ ಮೋಸ ಹೋದದ್ದನ್ನು ಮನೆಯಲ್ಲಿ ಹೇಳಿರುವುದೇ ಇಲ್ಲ. ಮಕ್ಕಳು ಬಯ್ಯುತ್ತಾರೆ, ಇನ್ನು ಮುಂದೆ ಫೋನನ್ನೇ ಮುಟ್ಟಗೊಡುವುದಿಲ್ಲ ಎಂಬ ಅಂಜಿಕೆಯಿಂದ ಎರಡು ಮೂರು ದಿನ ಒಳಗೊಳಗೇ ಕೊರಗಿ, ಆಮೇಲೆ ಬಂದು ಕೂರುತ್ತಾರೆ. ಅಷ್ಟರಲ್ಲಿ ನಮ್ಮ ಕೈಯಲ್ಲಿ ಮಾಡುವಂಥದ್ದು ಬಹಳ ಕಡಿಮೆ ಉಳಿದಿರುತ್ತದೆ. ನಿಮ್ಮ ತಂದೆಯವರು ಆ ಸಂಗತಿಯನ್ನು ನಿಮ್ಮ ಹತ್ತಿರ ಹೇಳಿಕೊಂಡರಲ್ಲ, ಆ ಸಲಿಗೆಯನ್ನು ಉಳಿಸಿಕೊಳ್ಳಿ. ಏನೇ ಆದರೂ ಮೊದಲು ನನಗೆ ಹೇಳಿ ಅಪ್ಪ, ನಾನು ಬಯ್ಯುವುದಿಲ್ಲ ಎಂದು ಬಾಯಿಬಿಟ್ಟು ಹೇಳಿಬಿಡಿ. ಯಾವ ಆಂಟಿವೈರಸ್ಸೂ ಈ ಮಾತಿನಷ್ಟು ಹಣ ಉಳಿಸಲಾರದು ಎಂಬುದು ನನ್ನ ಗಟ್ಟಿ ನಂಬಿಕೆ.

ಪ್ರಶ್ನಿಸಿದವರು: ರೇಷ್ಮೆಗೂಡು (ಶಿಡ್ಲಘಟ್ಟ)

ಇಬ್ಬರಿಗೂ ಕೃತಜ್ಞತೆಗಳು. ಸ್ಕ್ಯಾನ್‌ನಲ್ಲಿ ಏನೂ ಸಿಗಲಿಲ್ಲ. ನೋಟಿಫಿಕೇಶನ್ ಪಟ್ಟಿಯಲ್ಲಿ ಗುರುತಿಲ್ಲದ ತಾಣಗಳಿದ್ದವು, ತೆಗೆದುಹಾಕಿದೆ. ಮೇಡಂ ಅವರ ಮಾತುಗಳನ್ನು ಅಪ್ಪನಿಗೆ ಓದಿ ಹೇಳಿದೆ. ಇನ್ನೆರಡು ಸಂದೇಹಗಳಿವೆ. ನಮ್ಮ ಕಂಪ್ಯೂಟರ್ ವಿಂಡೋಸ್ 11ಕ್ಕೆ ತಕ್ಕುದಲ್ಲ ಎಂದು ತೋರಿಸುತ್ತಿದೆ. ಜೊತೆಗೆ, ಅಪ್ಪ ಪಾಸ್‌ವರ್ಡ್‌ಗಳನ್ನೆಲ್ಲ ಲೆಕ್ಕದ ಪುಸ್ತಕದ ಕೊನೆಯ ಹಾಳೆಯಲ್ಲಿ ಬರೆದಿಟ್ಟಿದ್ದಾರೆ. ಅದು ಅಪಾಯವಲ್ಲವೇ?

ಉತ್ತರ: ಕೈವಾರದ ದಾರಿ (ಚಿಂತಾಮಣಿ)

ಮೊದಲ ಸಂದೇಹಕ್ಕೆ ನನ್ನ ಸಲಹೆ, ವಿಂಡೋಸಿನ ಬದಲಿಗೆ ಹಾಕಿಕೊಳ್ಳಬಹುದಾದ ಲಿನಕ್ಸ್ ಮಿಂಟ್. ಉಚಿತವಾಗಿ ಸಿಗುತ್ತದೆ, ಹಳೆಯ ಯಂತ್ರದಲ್ಲೂ ಹಗುರವಾಗಿ ಓಡುತ್ತದೆ, ಭದ್ರತಾ ಅಪ್‌ಡೇಟ್‌ಗಳು ತಪ್ಪದೆ ಬರುತ್ತವೆ, ಯೂನಿಕೋಡ್ ಕನ್ನಡವನ್ನು ಬರೆಯಲೂ ಓದಲೂ ತೊಂದರೆಯಿಲ್ಲ. ಪೆನ್ ಡ್ರೈವಿನಿಂದಲೇ ಚಾಲನೆ ಮಾಡಿ, ನಿಮ್ಮ ಪ್ರಿಂಟರ್ ಹೊಂದಿಕೊಳ್ಳುತ್ತದೆಯೇ ಎಂದು ನೋಡಿದ ಮೇಲೆ ನಿರ್ಧರಿಸಬಹುದು. ಆದರೆ ನಿಮ್ಮ ವ್ಯಾಪಾರದ ಲೆಕ್ಕ ವಿಂಡೋಸಿಗೆಂದೇ ಮಾಡಿದ ತಂತ್ರಾಂಶದಲ್ಲಿದ್ದರೆ, ಅಥವಾ ಹಳೆಯ ಪತ್ರಗಳು ನುಡಿ, ಬರಹ ತಂತ್ರಾಂಶಗಳ ಯೂನಿಕೋಡ್ ಅಲ್ಲದ ಹಿಂದಿನ ಫಾಂಟುಗಳಲ್ಲಿದ್ದರೆ ಅವಸರ ಬೇಡ.

ಯಾವ ದಾರಿ ಹಿಡಿದರೂ ಅದಕ್ಕೆ ಮುಂಚೆ ಲೆಕ್ಕದ ಕಡತಗಳನ್ನೂ ಫೋಟೋಗಳನ್ನೂ ಹೊರಗಿನ ಹಾರ್ಡ್ ಡಿಸ್ಕ್ ಒಂದಕ್ಕೆ ನಕಲಿಸಿ, ನಕಲು ತೆರೆದುಕೊಳ್ಳುತ್ತದೆಯೇ ಎಂದು ಪರೀಕ್ಷಿಸಿ, ಆ ಡಿಸ್ಕನ್ನು ಬಿಚ್ಚಿ ಬೀರುವಿನಲ್ಲಿಡಿ. ಸದಾ ಸಿಕ್ಕಿಸಿಯೇ ಇಟ್ಟರೆ, ಕಡತಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದಾಗ ಮೂಲವೂ ನಕಲೂ ಒಟ್ಟಿಗೇ ಹೋಗುತ್ತವೆ.

ಉತ್ತರ: ಕಲ್ಪತರು (ತಿಪಟೂರು)

ಲಿನಕ್ಸ್ ಬಗ್ಗೆ ನನಗೂ ಒಪ್ಪಿಗೆಯಿದೆ, ಆದರೆ ಮನೆಯಲ್ಲಿ ಅದನ್ನು ಬಲ್ಲವರು ಒಬ್ಬರಾದರೂ ಇರಬೇಕು. ಅಪ್ಪ ಏನೇ ತೊಡಕು ಬಂದರೂ ನಿಮ್ಮನ್ನು ಬಿಟ್ಟು ಬೇರೆಯವರನ್ನು ಕೇಳಬೇಕಾದ ಸ್ಥಿತಿ ಬರಬಾರದು.

ಪುಸ್ತಕದಲ್ಲಿ ಬರೆದಿಡುವುದನ್ನು ಬಿಡಿಸಬೇಡಿ. ಪಾಸ್‌ವರ್ಡ್ ಕದಿಯುವವರು ದೂರದಲ್ಲಿ ಕುಳಿತಿರುವವರು, ಶಿಡ್ಲಘಟ್ಟದ ನಿಮ್ಮ ಮನೆಯ ಬೀರುವಿಗೆ ಅವರ ಕೈ ಎಟುಕುವುದಿಲ್ಲ. ವ್ಯಾಪಾರಕ್ಕೆ ಬಂದವರ ಕಣ್ಣಿಗೆ ಬೀಳುವ ಲೆಕ್ಕದ ಪುಸ್ತಕದಿಂದ ಅದನ್ನು ಬೇರೊಂದು ಪುಟ್ಟ ಪುಸ್ತಕಕ್ಕೆ ಇಳಿಸಿ ಬೀಗ ಹಾಕಿಡಿ. ಎಲ್ಲ ಕಡೆಗೂ ಒಂದೇ ಪಾಸ್‌ವರ್ಡ್ ಇಟ್ಟುಕೊಳ್ಳುವುದೇ ಹೆಚ್ಚಿನ ಅಪಾಯ, ಏಕೆಂದರೆ ಯಾವುದೋ ಅಂಗಡಿಯ ತಾಣದಿಂದ ಅದು ಸೋರಿದರೆ ಇಮೇಲಿಗೂ ಅದನ್ನೇ ಹಾಕಿ ನೋಡುತ್ತಾರೆ, ಇಮೇಲ್ ಸಿಕ್ಕರೆ ಉಳಿದವುಗಳ ಪಾಸ್‌ವರ್ಡ್ ಬದಲಿಸಿಕೊಳ್ಳುತ್ತಾರೆ. ಮೊದಲು ಇಮೇಲಿಗೆ, ಆಮೇಲೆ ಬ್ಯಾಂಕಿಗೆ ಹೊಸ ಪಾಸ್‌ವರ್ಡ್ ಮಾಡಿ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಜೋಡಿಸಿದರೆ ಉದ್ದವೂ ಆಗುತ್ತದೆ, ನೆನಪಿನಲ್ಲೂ ಉಳಿಯುತ್ತದೆ. ಮನೆದೇವರ ಹೆಸರು, ಮಕ್ಕಳ ಹೆಸರು, ಹುಟ್ಟಿದ ವರ್ಷ ಬೇಡ. ಇಮೇಲಿಗೆ ಎರಡು ಹಂತದ ಪರಿಶೀಲನೆಯನ್ನೂ (ಪಾಸ್‌ವರ್ಡ್ ಜೊತೆಗೆ ಇನ್ನೊಂದು ಖಾತರಿ ಕೇಳುವ ವ್ಯವಸ್ಥೆ) ಆನ್ ಮಾಡಿ.

ಉತ್ತರ: ಅಂತರಗಂಗೆ (ಕೋಲಾರ)

ಇನ್ನೊಂದನ್ನು ಹೇಳುವುದು ಉಳಿದಿತ್ತು. ಪ್ರಿಂಟ್ ತೆಗೆಸಲು ಜೆರಾಕ್ಸ್ ಅಂಗಡಿಗೆ ಹೋದಾಗ ಅಲ್ಲಿಯ ಕಂಪ್ಯೂಟರಿನಲ್ಲಿ ವಾಟ್ಸಾಪ್ ವೆಬ್ ತೆರೆದು ಹಾಗೆಯೇ ಬಿಟ್ಟುಬರುವವರು ಬಹಳ. ಅಪ್ಪನ ಫೋನಿನ ವಾಟ್ಸಾಪ್‌ನಲ್ಲಿ ಲಿಂಕ್ಡ್ ಡಿವೈಸಸ್ ಎಂಬಲ್ಲಿ ನೋಡಿ, ನಿಮ್ಮ ಮನೆಯದಲ್ಲದ ಕಂಪ್ಯೂಟರ್ ಇದ್ದರೆ ಲಾಗ್ ಔಟ್ ಮಾಡಿ. ಆಧಾರ್ ಪ್ರತಿ ಕೊಡುವಾಗ, ಕೇಳಿದವರು ಒಪ್ಪುವುದಾದರೆ, ಆಧಾರ್ ನೀಡುವ ಯುಐಡಿಎಐ ತಾಣದಿಂದ ಇಳಿಸಿದ ಮಾಸ್ಕ್ಡ್ ಆಧಾರ್ ಕೊಡಿ. ಅದರಲ್ಲಿ ಕೊನೆಯ 4 ಅಂಕಿಗಳು ಮಾತ್ರ ಕಾಣುತ್ತವೆ. ಬೆರಳಚ್ಚನ್ನು ದಿನವೂ ಬಳಸದವರು ಅದೇ ತಾಣದಲ್ಲಿ, ಆಧಾರ್‌ನ ಬೆರಳಚ್ಚನ್ನು ಬಳಸದಂತೆ ತಡೆಯುವ ಬಯೋಮೆಟ್ರಿಕ್ ಲಾಕ್ ಹಾಕಿಟ್ಟುಕೊಂಡು, ನೋಂದಣಿ ಕಚೇರಿಗೋ ಪಡಿತರ ಅಂಗಡಿಗೋ ಹೋಗಬೇಕಾದಾಗ ತಾತ್ಕಾಲಿಕವಾಗಿ ತೆಗೆಯಬಹುದು.