ಗ್ರಾಫ್‌ನಾಗ ಎರಡೂ ಇನ್-ಇಯರ್ ಒಂದ, ಮಿಕ್ಸರ್‌ಗೆ ಹಚ್ಚಿದ್ರ ಬ್ಯಾರೆ. ಯಾವುದನ್ನ ನಂಬೋದ್ರಿ?

ಫೇಡರ್_ಬೆಳಗಾವಿ
ನಮಸ್ಕಾರ್ರಿ. ಗಣೇಶ ಹಬ್ಬದ ಆರ್ಕೆಸ್ಟ್ರಾ ಸಲುವಾಗಿ ಎರಡು ಇನ್-ಇಯರ್ (ಕಿವಿ ಒಳಗ ಕೂರೋ ಇಯರ್‌ಫೋನ್) ಹೋಲಿಸಿ ನೋಡಾಕತ್ತೇನಿ. ಒಂದು ಸಿಂಗಲ್ ಡೈನಾಮಿಕ್ (ಒಂದ ಸಾದಾ ಸ್ಪೀಕರ್ ಇರೋದು), 20 ಓಮ್. ಇನ್ನೊಂದು ಹೈಬ್ರಿಡ್: ಒಂದು ಡೈನಾಮಿಕ್, ನಾಕು ಬ್ಯಾಲನ್ಸ್ಡ್ ಆರ್ಮೇಚರ್ (ಬ್ಯಾರೆ ನಮೂನಿ ಸಣ್ಣ ಸ್ಪೀಕರ್). 711 ಕಪ್ಲರ್‌ನಾಗ (ಕಿವಿ ನಾಳದ ಬದಲಿಗೆ ಇಡೋ ಅಳತಿ ಕೊಳವಿ) ಅಳದ್ರ 200 ಹರ್ಟ್ಜ್‌ನಿಂದ 6 ಕಿಲೋಹರ್ಟ್ಜ್ ತನಕ 2 ಡಿಬಿ ಒಳಗ ಫರಕ. ಮೊಬೈಲ್ ಡಾಂಗಲ್‌ಗೆ ಹಚ್ಚಿ ಕೇಳಿದ್ರೂ ಹಂಗ ಐತಿ. ಮಿಕ್ಸರ್‌ನ ಹೆಡ್‌ಫೋನ್ ಜ್ಯಾಕಿಗೆ ಹಚ್ಚಿದ ಕೂಡ್ಲೆ ಹೈಬ್ರಿಡ್‌ನಾಗ ಹಾರ್ಮೋನಿಯಂ ಮೂಗಿನಾಗ ಹಾಡಿದಂಗ ಮುಂದ ಬರ್ತೈತಿ, ಹಾಡಾವರ ಸ-ಶ ಮುಸುಕ ಆಗ್ತಾವ. ಇಷ್ಟ ಅಲ್ಲದ, ಗ್ರಾಫ್‌ನಾಗ 8 ಕಿಲೋಹರ್ಟ್ಜ್ ಹತ್ರ ಎರಡಕ್ಕೂ ದೊಡ್ಡ ಗುಡ್ಡ ಐತಿ. ಅದನ್ನ ಇಕ್ಯೂದಾಗ (ಟೋನ್ ಹೊಂದಿಸೋ ಈಕ್ವಲೈಜರ್) ಕಡಿಬೇಕೇನು?

ಓಮ್_ಬಾಗಲಕೋಟೆ
ಇಕ್ಯೂಗೆ ಕೈ ಹಚ್ಚಬ್ಯಾಡ್ರಿ ಅಣ್ಣಾರ. ಮೊದಲ ಆ ಜ್ಯಾಕಿನ ಔಟ್‌ಪುಟ್ ಇಂಪೀಡನ್ಸ್ (ಒಳಗಿಂದ ಕರೆಂಟಿಗೆ ಬರೋ ಅಡ್ಡಿ, ಓಮ್ ಲೆಕ್ಕದಾಗ) ಅಳೀರಿ.

ಸಿಂಗಲ್ ಡೈನಾಮಿಕ್‌ದು ಇಂಪೀಡನ್ಸ್ ಎಲ್ಲಾ ಕಡೆ ಹೆಚ್ಚುಕಡಿಮಿ ಒಂದ ಇರ್ತೈತಿ. ಹೈಬ್ರಿಡ್‌ನಾಗ ಕ್ರಾಸ್‌ಓವರ್ (ಸದ್ದನ್ನ ಸ್ಪೀಕರ್‌ಗೊಳಿಗೆ ಹಂಚೋ ಸರ್ಕ್ಯೂಟ್) ಕೆಪಾಸಿಟರ್, ಆರ್ಮೇಚರ್ ಕಾಯಿಲ್ ಸೇರಿ ಏರಿಳಿತ ಮಾಡ್ತಾವ. 2 ಕಿಲೋಹರ್ಟ್ಜ್‌ನಾಗ 40 ಓಮ್, 6 ಕಿಲೋಹರ್ಟ್ಜ್‌ನಾಗ 9 ಓಮ್ ಅಂತ ಹಿಡೀರಿ. ಜ್ಯಾಕ್ 1 ಓಮ್ ಇದ್ರ ಎರಡರ ನಡುವ 0.7 ಡಿಬಿ ಅಷ್ಟ ಫರಕ. ಅದ ಜ್ಯಾಕ್ 20 ಓಮ್ ಆದ್ರ 40 ಓಮ್ ಇದ್ದಲ್ಲಿ 3.5 ಡಿಬಿ ಕಳೀತೈತಿ, 9 ಓಮ್ ಇದ್ದಲ್ಲಿ 10.2 ಡಿಬಿ. ಅಂದ್ರ 6.6 ಡಿಬಿ ಓರೆ. ಹಾರ್ಮೋನಿಯಂ ಎದ್ದು ಕುಂದ್ರೋದು, ಸ-ಶ ಮುಚ್ಚೋದು ಇದಕ್ಕ. ಕಪ್ಲರ್‌ನಾಗ ನೀವು ಅಳದದ್ದು ಕಡಿಮಿ ಇಂಪೀಡನ್ಸ್ ಇರೋ ಡಾಂಗಲ್‌ನಿಂದ ಇರಬೇಕು. ಹಂಗಾಗಿ ಗ್ರಾಫ್ ಸುಳ್ಳಲ್ಲ, ಆ ಮಿಕ್ಸರ್‌ದು ಅಲ್ಲ ಅಷ್ಟ.

ಅಳಿಯೂದು ಸುಲಭ. ಮಿಕ್ಸರ್‌ನಾಗ 200 ಹರ್ಟ್ಜ್ ಸೈನ್ ಬಿಡ್ರಿ (ಸಾದಾ ಮಲ್ಟಿಮೀಟರ್ ಎಸಿ ವೋಲ್ಟ್ 1 ಕಿಲೋಹರ್ಟ್ಜ್‌ನಾಗ ತಪ್ಪು ತೋರಸ್ಬಹುದು). ಏನೂ ಹಚ್ಚದ ಪಿನ್ನಿನ ತುದಿಗೂ ಬುಡಕ್ಕೂ ವೋಲ್ಟೇಜ್ ನೋಡ್ರಿ. ಆಮ್ಯಾಲೆ ನಡುವ 33 ಓಮ್ ರೆಸಿಸ್ಟರ್ ಹಚ್ಚಿ, ನಾಬ್ ಮುಟ್ಟದ ಮತ್ತ ನೋಡ್ರಿ. ಮೊದಲಿನದನ್ನ ಎರಡನೇದ್ರಿಂದ ಭಾಗಿಸಿ, 1 ಕಳದು, 33ರಿಂದ ಗುಣಿಸಿದ್ರ ಮುಗೀತು.

ಮಾನಿಟರ್_ಮೇಜು, ವಿಜಯಪುರ
8 ಕಿಲೋಹರ್ಟ್ಜ್‌ನ ಗುಡ್ಡದ ಬಗ್ಗೆ: ಅದನ್ನು ಕಡಿಯಬೇಡಿ. 711 ಅಂದರೆ ಈಗಿನ ಐಇಸಿ 60318-4. ಅದರ ಕೊಳವೆಯ ಅನುರಣನ ಅಲ್ಲೇ ಬೀಳುತ್ತದೆ. ಇಯರ್‌ಫೋನನ್ನು ಒಂದೆರಡು ಮಿಲಿಮೀಟರ್ ಹೊರಗೆಳೆದರೆ ಗುಡ್ಡ ಕೆಳಗಿನ ಫ್ರೀಕ್ವೆನ್ಸಿಗೆ ಸರಿಯುತ್ತದೆ, ಒಳಕ್ಕೆ ತಳ್ಳಿದರೆ ಮೇಲಕ್ಕೆ. ನಿಜವಾದ ಕಿವಿಯಲ್ಲಿ ಅದು ಬೇರೆ ಜಾಗದಲ್ಲಿರುತ್ತದೆ. ಐದು ಸಲ ಕಿತ್ತು ಹಾಕಿ ಐದು ಸ್ವೀಪ್ (ಕೆಳಗಿಂದ ಮೇಲಿನ ಫ್ರೀಕ್ವೆನ್ಸಿವರೆಗಿನ ಅಳತೆ) ತೆಗೆಯಿರಿ. ಐದೂ ಒಂದರ ಮೇಲೊಂದು ಕೂರುವ ಭಾಗವನ್ನಷ್ಟೇ ಹೋಲಿಕೆಗೆ ಬಳಸಿ. ಎರಡಕ್ಕೂ ಅದೇ ಕಪ್ಲರ್, ಅದೇ ಸ್ಮೂದಿಂಗ್ (ಗ್ರಾಫಿನ ಗೆರೆ ನಯ ಮಾಡುವ ಸೆಟ್ಟಿಂಗ್) ಇರಲಿ. ಅಂತರ್ಜಾಲದ ಬೇರೆಯವರ ಗ್ರಾಫನ್ನು ನಿಮ್ಮದರ ಮೇಲೆ ಹಾಕಿ ನೋಡಿದರೆ ಕಪ್ಲರ್‌ನ ಫರಕನ್ನೇ ಇಯರ್‌ಫೋನಿನ ಫರಕು ಅಂದುಕೊಳ್ಳುತ್ತೀರಿ.

ಬೇಸ್‌ಗೆ ಮುಖ್ಯವಾದದ್ದು ಸೀಲ್, ಅಂದರೆ ಸಂದಿಯಿಲ್ಲದೆ ಕಿವಿಯಲ್ಲಿ ಕೂರುವುದು. ಕಪ್ಲರ್‌ನಲ್ಲಿ ಬಿಗಿಯಾಗಿ ಕೂತದ್ದು ಹಾಡುವವರ ಕಿವಿಯಲ್ಲಿ ಹಾಗೆ ಕೂರಬೇಕಂತಿಲ್ಲ. ಬಾಯಿ ತೆರೆದಾಗ ಕಿವಿಯ ನಾಳ ಆಕಾರ ಬದಲಿಸುತ್ತದೆ. ಸಣ್ಣ ಸಂದಿ ಬಿದ್ದರೂ 100 ಹರ್ಟ್ಜ್ ಕೆಳಗೆ 10 ಡಿಬಿಗಿಂತ ಹೆಚ್ಚು ಹೋಗಬಹುದು, ತಬಲಾದ ಡಗ್ಗಾ ಮಾಯ. ಪರೀಕ್ಷೆ: 50 ಹರ್ಟ್ಜ್ ಸೈನ್ ಬಿಟ್ಟು, ಇಯರ್‌ಫೋನನ್ನು ಬೆರಳಿಂದ ಮೆಲ್ಲಗೆ ಒತ್ತಿ. ಒತ್ತಿದಾಗ ಸದ್ದು ಜೋರಾದರೆ ಸೀಲ್ ಇಲ್ಲ, ದೊಡ್ಡ ಟಿಪ್ ಅಥವಾ ಫೋಮ್ ಹಾಕಿ. ಫೋಮನ್ನು ಹಿಚುಕಿ ಒಳಗಿಟ್ಟು ಅರ್ಧ ನಿಮಿಷ ಉಬ್ಬಲು ಬಿಡಬೇಕು. ಅವಸರದಲ್ಲಿ ಅದನ್ನೇ ಮರೆಯುತ್ತಾರೆ. ಒಂದು ಕಡೆ ಮಾತ್ರ ಟ್ರೆಬಲ್ ಕಡಿಮೆ ಅನ್ನಿಸಿದರೆ ನಾಝಲ್‌ನ ಜಾಲರಿಯಲ್ಲಿ ಗುಗ್ಗೆ ಕೂತಿರುತ್ತದೆ.

ಇನ್ನು ಕೇಳಿ ಹೋಲಿಸುವಾಗ ಎರಡರ ಮಟ್ಟ ಸಮ ಮಾಡಿ. 1 ಡಿಬಿ ಜೋರಿದ್ದದ್ದೇ ಚೆಂದ ಕೇಳಿಸುತ್ತದೆ.

ಫೇಡರ್_ಬೆಳಗಾವಿ
ಅಳದೆ. ಏನೂ ಹಚ್ಚದ 0.50 ವೋಲ್ಟ್, 33 ಓಮ್ ಹಚ್ಚಿದ್ರ 0.31. ಅಂದ್ರ 20 ಓಮ್ ಬಂತ್ರಿ! ಈಗ ಏನ್ ಮಾಡೂದು? ಹಿಸ್ (ಹಿಂದ ಸುಯ್ ಅನ್ನೋ ಸದ್ದು) ಕಡಿಮಿ ಆಗಲಿ ಅಂತ ಸೀರೀಸ್‌ನಾಗ 75 ಓಮ್ ಅಡಾಪ್ಟರ್ ಹಾಕು ಅಂತ ಒಬ್ರು ಹೇಳಾಕತ್ತಾರ.

ಓಮ್_ಬಾಗಲಕೋಟೆ
ಹಾಕಿದ್ರ 20 ಹೋಗಿ 95 ಆಗ್ತೈತಿ. ಹಿಸ್ ಹೋಗ್ತೈತಿ, ಹೈಬ್ರಿಡ್‌ನ ಟೋನೂ ಹೋಗ್ತೈತಿ. ಅದು ಸಿಂಗಲ್ ಡೈನಾಮಿಕ್‌ಗೆ ನಡೀತೈತಿ, ಇದಕ್ಕಲ್ಲ.

ಡಿವೈಡರ್ (ವೋಲ್ಟೇಜ್ ಹಂಚಿ ಇಳಿಸೋ ರೆಸಿಸ್ಟರ್ ಜೋಡಿ) ಕಟ್ರಿ. ಪ್ರತಿ ಚಾನಲ್‌ಗೆ 15 ಓಮ್ ಸೀರೀಸ್, ಅದರ ಮುಂದ ಇಯರ್‌ಫೋನಿಗೆ ಅಡ್ಡಲಾಗಿ 3.3 ಓಮ್ ಗ್ರೌಂಡಿಗೆ. ಕಾಲು ವ್ಯಾಟ್ ಸಾಕು, ಒಟ್ಟು ನಾಕು ರೆಸಿಸ್ಟರ್. ಇಯರ್‌ಫೋನಿಗೆ ಕಾಣೂದು 3 ಓಮ್, 6.6 ಡಿಬಿ ಓರೆ 1.9ಕ್ಕ ಇಳೀತೈತಿ. ನೇರ ಹಚ್ಚಿದ್ದಕ್ಕಿಂತ ಸದ್ದು ಸುಮಾರು 14ರಿಂದ 18 ಡಿಬಿ ಬೀಳ್ತೈತಿ, ನಾಬ್ ತಿರುವ್ರಿ. ಹಿಸ್ಸೂ ಅಷ್ಟ ಬೀಳ್ತೈತಿ. ಎಡಬಲದ ಗ್ರೌಂಡ್ ಬೆಸುಗಿ ಗಟ್ಟಿ ಇರಲಿ, ಅದು ಕಿತ್ತು ಹೋದ್ರ ನಡುವಿನ ದನಿ ಮಾಯ ಆಗಿ ಬರೇ ರಿವರ್ಬ್ ಕೇಳಸ್ತೈತಿ.

ಮಾನಿಟರ್_ಮೇಜು, ವಿಜಯಪುರ
ಡಿವೈಡರ್ ಸರಿ, ಆದರೆ ಅದು ನಿಮ್ಮ ಕಿವಿಗೆ ಮಾತ್ರ. ಹಾಡುವವರು ವೈರ್‌ಲೆಸ್ ಬಾಡಿಪ್ಯಾಕ್ (ಸೊಂಟಕ್ಕೆ ಸಿಕ್ಕಿಸುವ ರಿಸೀವರ್) ಹಾಕಿಕೊಂಡಿದ್ದರೆ ಅದರ ಔಟ್‌ಪುಟ್ ಬೇರೆ. ಅದನ್ನೂ ಅದೇ 33 ಓಮ್‌ನಿಂದ ಅಳೆಯಿರಿ. ಅಲ್ಲಿಯವರೆಗೆ ಅವರ ಬಸ್ (ಮಿಕ್ಸರ್‌ನಿಂದ ಅವರಿಗೆ ಹೋಗುವ ಮಿಕ್ಸ್) ಇಕ್ಯೂ ಮುಟ್ಟಬೇಡಿ. ಸಾಮಾನ್ಯ ಎಫ್‌ಎಂ ವೈರ್‌ಲೆಸ್ 15 ಕಿಲೋಹರ್ಟ್ಜ್ ಆಸುಪಾಸಿನಲ್ಲೇ ನಿಲ್ಲುತ್ತದೆ, ಹಾಗಾಗಿ ಅದರ ಮೇಲಿನ ಗೆರೆಗೆ ತಲೆ ಕೆಡಿಸಿಕೊಳ್ಳುವುದೂ ಬೇಡ.

ಮತ್ತೆ ಒಂದು. ಗಣೇಶ ಮಂಟಪದ ಪಕ್ಕ ಸಬ್‌ವೂಫರ್ ಇದ್ದರೆ ಹೊರಗಿನ ಬೇಸ್ ಇಯರ್‌ಫೋನಿನ ಬೇಸನ್ನು ಮುಚ್ಚುತ್ತದೆ. ಶೆಲ್‌ನಲ್ಲಿ ದೊಡ್ಡ ವೆಂಟ್ ಇರುವ ಹೈಬ್ರಿಡ್‌ಗೆ ಇದು ಜಾಸ್ತಿ. ಮನೆಯಲ್ಲಿ ಸಪಾಟಾಗಿ ಕೇಳಿದ್ದು ಅಲ್ಲಿ ತೆಳ್ಳಗೆ ಕೇಳಿಸುತ್ತದೆ. 120 ಹರ್ಟ್ಜ್ ಕೆಳಗೆ 3-4 ಡಿಬಿ ಶೆಲ್ಫ್ (ಆ ಭಾಗವನ್ನೆಲ್ಲ ಒಟ್ಟಿಗೆ ಎತ್ತುವ ಇಕ್ಯೂ) ಎತ್ತಿ, ಮಾಸ್ಟರ್ ಎತ್ತಬೇಡಿ.