‘ಡೆಡ್‌ಪ್ಯಾನ್’ ಮುಖಕ್ಕೆ ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ.

ನಮ್ಮ ಅಪಾರ್ಟ್‌ಮೆಂಟಿನ ಮಕ್ಕಳಿಗೆ ಅಮೆರಿಕದ ಹಾಸ್ಯನಟ ಬಸ್ಟರ್ ಕೀಟನ್‌ನ ‘ಶರ್ಲಾಕ್ ಜೂನಿಯರ್’ (1924) ತೋರಿಸೋಣ ಅಂತಿದ್ದೇನೆ. ಮುಕ್ಕಾಲು ಗಂಟೆಯ ಮೂಕಿ ಚಿತ್ರ. ನಾಲ್ಕು ಸಾಲಿನ ಪರಿಚಯ ಬರೆಯಲು ಕೂತವನು ಒಂದೇ ಪದದಲ್ಲಿ ಸಿಕ್ಕಿಹಾಕಿಕೊಂಡೆ: ಡೆಡ್‌ಪ್ಯಾನ್, ಅಂದರೆ ಏನಾದರೂ ಭಾವವೇ ತೋರದ ಮುಖ. (ಇಲ್ಲಿ ಪ್ಯಾನ್ ಬಾಣಲೆಯಲ್ಲ, ಅಮೆರಿಕದ ಆಡುಮಾತಿನಲ್ಲಿ ಮುಖ.)

ಚಿತ್ರದಲ್ಲಿ ಕೀಟನ್ ಥಿಯೇಟರಿನಲ್ಲಿ ಪ್ರೊಜೆಕ್ಟರ್ ಓಡಿಸುವವನು. ನಿದ್ದೆ ಹತ್ತುತ್ತದೆ, ಕನಸಿನಲ್ಲಿ ಸೀದಾ ಪರದೆಯೊಳಕ್ಕೇ ನಡೆದುಬಿಡುತ್ತಾನೆ. ಅಲ್ಲಿ ದೃಶ್ಯ ಥಟ್ಟನೆ ಬದಲಾಗುತ್ತಲೇ ಇರುತ್ತದೆ. ಬೆಂಚಿನ ಮೇಲೆ ಕೂರಲು ಹೋದರೆ ಬೆಂಚೇ ಇಲ್ಲ, ನಡುರಸ್ತೆ! ಸಮುದ್ರಕ್ಕೆ ಹಾರಿದರೆ ತಲೆ ಹಿಮದಲ್ಲಿ ಹೂತಿರುತ್ತದೆ. ಇಷ್ಟಾದರೂ ಮುಖದಲ್ಲಿ ಒಂದು ಗೆರೆ ಅಲುಗುವುದಿಲ್ಲ. ನಮಗೆ ನಗು ಬರುವುದೇ ಅದಕ್ಕೆ. ಚಿಕ್ಕಂದಿನಲ್ಲಿ ಅಪ್ಪ ಇವನನ್ನು ಸ್ಟೇಜಿನ ಮೇಲೆ ಎತ್ತಿ ಎಸೆಯುವ ಆಟ ಆಡಿಸುತ್ತಿದ್ದನಂತೆ. ತಾನು ನಕ್ಕರೆ ಜನ ಜಾಸ್ತಿ ನಗುವುದಿಲ್ಲ ಅಂತ ಆಗಲೇ ಗೊತ್ತಾಯಿತು ಅಂತ ಕೀಟನ್ನೇ ಹೇಳಿಕೊಂಡಿದ್ದಾನೆ.

ಈ ಮುಖಕ್ಕೆ ಏನನ್ನೋಣ? ‘ನಿರ್ವಿಕಾರ’ ಅಂದರೆ ಸನ್ಯಾಸಿ ನೆನಪಾಗುತ್ತಾನೆ. ‘ಗಂಟುಮುಖ’ದಲ್ಲಿ ಸಿಟ್ಟಿದೆ, ‘ಪೆಚ್ಚುಮುಖ’ದಲ್ಲಿ ಸೋಲಿದೆ, ‘ಸಪ್ಪೆಮುಖ’ದವನಿಗೆ ಮನೆಯಲ್ಲೇನೋ ಜಗಳ ಆಗಿರಬೇಕು. ‘ಮಳ್ಳ’ ಹತ್ತಿರ ಬಂತು ಅನ್ನಿಸಿತು. ಆದರೆ ಮಳ್ಳನಿಗೆ ಎಲ್ಲ ಗೊತ್ತಿರುತ್ತದೆ, ಬೇಕಂತಲೇ ಗೊತ್ತಿಲ್ಲದವನ ಹಾಗೆ ಇರುತ್ತಾನೆ. ಕೀಟನ್ ಹಾಗಲ್ಲ, ಅವನಲ್ಲಿ ಕಪಟ ಇಲ್ಲ.

ಬರಿಗೈ, ಬರಿಗಾಲು ಇದ್ದ ಮೇಲೆ ‘ಬರಿಮುಖ’ ಯಾಕಾಗಬಾರದು ಅಂತ ಖುಷಿಯಲ್ಲಿ ಬರೆದೂಬಿಟ್ಟೆ. ಅಮ್ಮ ಓದಿ, “ಕುಂಕುಮ ಇಲ್ಲದ ಮುಖವೇನೋ?” ಅಂದರು. ಬರಿಹಣೆಯ ನೆರಳು ಅದರ ಮೇಲೆ ಬೀಳುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ಅಳಿಸಿದೆ.

ಆಮೇಲೆ ಆರು ವರ್ಷದ ಮಗಳಿಗೆ ಒಂದು ತುಣುಕು ತೋರಿಸಿದೆ. “ಅಪ್ಪಾ, ಬಿದ್ದರೂ ಅವನದು ಸುಮ್ನೆ ಮುಖ!” ಅಂದಳು. ‘ಸುಮ್ಮನೆ’ಯಲ್ಲಿ ಮಾತಿಲ್ಲದ್ದೂ ಇದೆ, ಕಾರಣವಿಲ್ಲದ್ದೂ ಇದೆ. ಮೂಕಿ ಚಿತ್ರಕ್ಕೆ ಹೇಳಿ ಮಾಡಿಸಿದ ಹಾಗಿದೆ ಅಲ್ವಾ? ನನ್ನ ಅಳುಕು ವ್ಯಾಕರಣದ್ದು. ‘ಸುಮ್ಮನೆ’ ಕ್ರಿಯೆಯ ಜೊತೆ ಹೋಗುವ ಪದ: ಸುಮ್ಮನೆ ಕೂತ, ಸುಮ್ಮನೆ ಬಂದ. ಅದನ್ನು ನಾಮಪದಕ್ಕೆ ಮೊದಲು ನಿಲ್ಲಿಸಿದ ಬಳಕೆ ಎಲ್ಲಾದರೂ ಕೇಳಿದ್ದೀರಾ?

ಇನ್ನೊಂದು ಪ್ರಶ್ನೆ. ಯಕ್ಷಗಾನ, ದೊಡ್ಡಾಟ ಬಲ್ಲವರು ಹೇಳಬೇಕು. ತಾನು ನಗದೆ ಸಭೆಯನ್ನೆಲ್ಲ ನಗಿಸುವ ಹಾಸ್ಯಗಾರನ ಆ ಮುಖಕ್ಕೆ ಮೇಳದವರು ಏನಾದರೂ ಹೆಸರಿಟ್ಟಿದ್ದಾರಾ?